ಮೀನು ಸತ್ತ ಕೆರೆಯ ಒಳಗಿನ ಅಲೆ

ಮದ್ದೂರು ಕಡೆಯ ಒಂದು ಕೆರೆಯಲ್ಲಿ ಮೀನು ಸತ್ತು ತೇಲಿದ ಸುದ್ದಿ ಬರೆದವನು ನಾನು. ಪಡುವಣ ದಡದಲ್ಲಿ ಮಾತ್ರ ಸತ್ತಿದ್ದವು. ಆ ದಡದಲ್ಲೇ ಕಬ್ಬು ಅರೆದು ಬೆಲ್ಲ ಕಾಯಿಸುವ ಒಂದು ಆಲೆಮನೆ. ಕೊಪ್ಪರಿಗೆ ತೊಳೆದ ನೀರನ್ನು ಕೆರೆಗೆ ಬಿಟ್ಟಿದ್ದಾರೆ ಎಂದು ಏರಿಯ ಮೇಲೆ ಸೇರಿದ್ದವರೆಲ್ಲ ಹೇಳಿದರು.

"ಆ ನೀರು ನನ್ನ ಗದ್ದೆಗೇ ಓಗೋದು ಸಾರ್. ಬಂದು ಕಾಲ್ವೆ ನೋಡಿ" ಎಂದರು ಆಲೆಮನೆಯವರು.

ಬಸ್ಸಿಗೆ ಹೊತ್ತಾಗಿತ್ತು. ನೋಡಲಿಲ್ಲ. "ಆಲೆಮನೆಯ ತ್ಯಾಜ್ಯವೇ ಕಾರಣ ಎನ್ನಲಾಗಿದೆ" ಎಂದು ಬರೆದೆ. "ಎನ್ನಲಾಗಿದೆ" ಎಂದು ಸೇರಿಸಿದರೆ ಸುದ್ದಿಮನೆಯಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಕೆಲವೇ ದಿನಗಳಲ್ಲಿ ಊರಿನವರು ತಮ್ಮ ಕಬ್ಬನ್ನು ಬೇರೆ ಆಲೆಮನೆಗೆ ಸಾಗಿಸತೊಡಗಿದರು.

ಕಾಲೇಜಿನಲ್ಲಿ ನನಗೆ ಭೌತವಿಜ್ಞಾನ ಕಲಿಸಿದ್ದ ಮೇಷ್ಟ್ರು ಮಂಡ್ಯದಲ್ಲಿದ್ದಾರೆ. ಸುದ್ದಿ ಓದಿ ಫೋನ್ ಮಾಡಿದರು.

"ಅವತ್ತು ಗಾಳಿ ಯಾವ ಕಡೆಯಿಂದ ಬೀಸ್ತಿತ್ತಯ್ಯಾ?"

ನೋಟ್‌ಬುಕ್ ತೆರೆದೆ. "ಎರಡು ದಿನದಿಂದ ಪಡುವಣ ಗಾಳಿ, ಏರಿ ಮೇಲೆ ನಿಲ್ಲಲು ಕಷ್ಟ" ಎಂದು ನನ್ನದೇ ಅಕ್ಷರದಲ್ಲಿತ್ತು. ಬೇಡದ ವಿವರವೆಂದು ಬಿಟ್ಟಿದ್ದೆ.

ಓದಿ ಹೇಳಿದಾಗ ಮನೆಗೆ ಬರಹೇಳಿದರು. ನಾನು ಹೋದಾಗ ಅವರ ಮೇಜಿನ ಮೇಲೆ ಮೀನು ಸಾಕುವ ಗಾಜಿನ ತೊಟ್ಟಿ ಇತ್ತು. ತಳದಲ್ಲಿ ನೀಲಿ ಇಂಕು ಬೆರೆಸಿದ ಉಪ್ಪುನೀರು, ಅದರ ಮೇಲೆ ನಿಧಾನವಾಗಿ ಸುರಿದ ಸಿಹಿನೀರು. ಎರಡೂ ಬೆರೆತಿರಲಿಲ್ಲ. ತೊಟ್ಟಿಯ ಒಂದು ತುದಿಯನ್ನು ಮೆಲ್ಲಗೆ ಎತ್ತಿ ಇಳಿಸಿದರು. ಮೇಲಿನ ನೀರು ಕೂಡಲೇ ಸಮವಾಯಿತು. ಒಳಗಿನ ನೀಲಿ ಮಾತ್ರ ಒಂದು ತುದಿಯಲ್ಲಿ ಏರಿ, ಇನ್ನೊಂದರಲ್ಲಿ ಇಳಿದು, ಬಹಳ ಹೊತ್ತು ತೂಗುತ್ತಲೇ ಇತ್ತು.

"ನೀರಿಗೂ ಗಾಳಿಗೂ ತೂಕದಲ್ಲಿ ಅಜಗಜಾಂತರ. ಅದಕ್ಕೇ ಮೇಲಿನ ಅಲೆ ಬೇಗ ಕೂರುತ್ತೆ. ಒಳಗೆ ಎರಡೂ ನೀರೇ, ವ್ಯತ್ಯಾಸ ಚೂರೇ ಚೂರು. ಸ್ವಲ್ಪ ತಳ್ಳಿದರೂ ದೊಡ್ಡ ಅಲೆ ಏಳುತ್ತೆ, ನಿಧಾನಕ್ಕೆ ಆಡುತ್ತೆ. ಕೆರೆಯಲ್ಲಿ ಉಪ್ಪಿನ ಕೆಲಸವನ್ನ ಬಿಸಿಲು ಮಾಡುತ್ತೆ. ಬೆಚ್ಚಗಿನ ಹಗುರ ನೀರು ಮೇಲೆ, ತಣ್ಣಗಿನ ಭಾರದ ನೀರು ಕೆಳಗೆ. ಪಡುವಣ ಗಾಳಿ ಮೇಲಿನ ನೀರನ್ನ ಮೂಡಲಿಗೆ ತಳ್ಳಿದರೆ, ಪಡುವಣ ದಡದಲ್ಲಿ ಕೆಳಗಿನ ನೀರು ಮೇಲೇಳುತ್ತೆ. ತಳದ ಆ ನೀರಲ್ಲಿ ಆಮ್ಲಜನಕ ಇರಲ್ಲ, ಮೀನಿಗೆ ಉಸಿರಿಲ್ಲ."

ಮರುದಿನ ಹೋಗಿ ಕಾಲುವೆ ನೋಡಿದೆ. ಅದು ಆಲೆಮನೆಯವರ ಗದ್ದೆಯಲ್ಲೇ ಮುಗಿದಿತ್ತು. ಪೇಪರಿನಲ್ಲಿ ತಿದ್ದುಪಡಿ ಹಾಕಿಸುತ್ತೇನೆಂದು ಆಲೆಮನೆಯವರಿಗೆ ಹೇಳಿದೆ.

"ಅದ್ನ ಯಾರು ಓದಾರು ಬುಡಿ" ಎಂದರು ಅವರ ಹೆಂಡತಿ. "ನಮ್ಮೂರೋರ ಮುಂದೆ ನಿಂತು ಯೋಳಿ."

ಮೇಷ್ಟ್ರ ತೊಟ್ಟಿಯನ್ನು ಹೊತ್ತು ತಂದು ಊರಿನ ಟೀ ಅಂಗಡಿಯ ಬೆಂಚಿನ ಮೇಲಿಟ್ಟೆ. ನೀಲಿ ಉಪ್ಪುನೀರಿನ ಮೇಲೆ ಸಿಹಿನೀರು ಸುರಿದು, ಎತ್ತಿ, ಇಳಿಸಿ ತೋರಿಸಿ, ಗಾಳಿಗೆ ಕೆರೆಯಲ್ಲೂ ಹೀಗೇ ಆಗಿದ್ದೆಂದೆ.

"ಪೇಪರ್‌ನೋರು ಆಟ ಆಡುಸ್ತಾವ್ರೆ ಕಣ್ಲಾ!" ಎಂದು ಒಬ್ಬ ನಕ್ಕ.

ಒಬ್ಬ ಮುದುಕಿ ನಗಲಿಲ್ಲ. "ಅಂಗಾರೆ ಆಲೆಮನೆಯೋನ್ದು ಏನೂ ತಪ್ಪಿಲ್ವಾ?"

"ಇಲ್ಲಮ್ಮ."

"ಮತ್ಯಾಕಪ್ಪ ಬರ್ದೆ?"

ನೀವೇ ಹೇಳಿದಿರಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದು ನಿಜವೂ ಆಗಿತ್ತು. ಅವರು ನೋಡದೆ ಆಡಿದ್ದರು, ನಾನು ನೋಡದೆ ಅಚ್ಚು ಹಾಕಿಸಿದ್ದೆ. "ನೋಡ್ದೇ ಬರೆದೆ, ತಪ್ಪಾಯ್ತು" ಎಂದೆ. ಯಾರ ಮುಖವನ್ನೂ ನೋಡಲಾಗಲಿಲ್ಲ.

ಗುಂಪಿನ ಹಿಂದೆ ನಿಂತಿದ್ದ ಆಲೆಮನೆಯವರಿಗೆ ಒಬ್ಬ ರೈತ, "ನಾಳೆ ನಮ್ಮ ಕಬ್ಬಿನ ಗಾಡಿ ಬತ್ತದೆ ಕಣಣ್ಣ" ಎಂದ.

"ಬರ್ಲಿ. ಆಳೆಲ್ಲ ಬೇರೆ ಕಡೀಕ್ ಓಗವ್ರೆ. ನಾನೂ ನನ್ನೆಂಡ್ರೂ ಇಬ್ರೇ ಕಬ್ಬು ಅರೀಬೇಕು, ತಡ ಆಯ್ತದೆ" ಎಂದರು ಅವರು.

ನನ್ನ ಕಡೆ ತಿರುಗದೆ ಆಲೆಮನೆಯ ಹಾದಿ ಹಿಡಿದರು.