ತರಬೇಡಿ ಎಂದಿದ್ದೆ, ಏನು ತರಬೇಕೆಂದು ಹೇಳಿರಲಿಲ್ಲ

2022ರಲ್ಲಿ ನಾನು ಬೆಂಗಳೂರಿನ ವಿಜಯನಗರದ ಒಂದು ಖಾಸಗಿ ಆಸ್ಪತ್ರೆಯ ಎನ್‌ಐಸಿಯುವಿನಲ್ಲಿ ಇನ್‌ಚಾರ್ಜ್ ಸಿಸ್ಟರ್ ಆಗಿದ್ದೆ. ಎನ್‌ಐಸಿಯು ಎಂದರೆ ಆಗತಾನೆ ಹುಟ್ಟಿದ ಮಕ್ಕಳ ತೀವ್ರ ನಿಗಾ ಘಟಕ. ನಮ್ಮಲ್ಲಿ ಹತ್ತು ಹಾಸಿಗೆಗಳಿದ್ದವು. ನಮ್ಮಪ್ಪ ಬಿನ್ನಿಪೇಟೆಯಲ್ಲಿ ಮೂಟೆ ಹೊರುತ್ತಿದ್ದರು. ನಮ್ಮ ವಂಶದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಬಿಎಸ್ಸಿ ನರ್ಸಿಂಗ್, ಅದೂ ಎರಡು ಮನೆಯ ಪಾತ್ರೆ ತೊಳೆಯುತ್ತಾ ಓದಿದ್ದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಓದಿ ಕಲಿತದ್ದೆಲ್ಲ ಸರಿ, ಓದದವರು ಹೇಳುವುದೆಲ್ಲ ತಪ್ಪು ಎನ್ನುವ ಒಂದು ಹಟವೂ ಆಗ ನನ್ನಲ್ಲಿತ್ತು.

ಘಟಕದ ಬಾಗಿಲಿಗೆ ನಾನೇ ಬರೆದು ಅಂಟಿಸಿದ್ದ ಸೂಚನೆ ಇತ್ತು. ಹೊಸ ಬಟ್ಟೆ, ಬೊಂಬೆ, ಪೌಡರ್, ಜೇನುತುಪ್ಪ, ಬೆಳ್ಳಿ ಕಡಗ, ಹೂವು ಯಾವುದನ್ನೂ ತರಬಾರದು. ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಸೋಂಕು ತಗಲಲು ಇವುಗಳಲ್ಲಿ ಒಂದು ಸಾಕು. ಆ ಸೂಚನೆಯಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. ಇವತ್ತೂ ಹಾಗೇ ಹೇಳುತ್ತೇನೆ.

ಆ ವರ್ಷ ರೇಣುಕಾ ಎಂಬ ಹುಡುಗಿಗೆ ಇಪ್ಪತ್ತೇಳನೇ ವಾರಕ್ಕೇ ಸಿಸೇರಿಯನ್ ಮಾಡಬೇಕಾಯಿತು. ಹೆಣ್ಣು ಮಗು, ತೂಕ 860 ಗ್ರಾಂ. ಗದಗ ಕಡೆಯವರು, ಮಾರೇನಹಳ್ಳಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಗಂಡ ಮಂಜುನಾಥ ಬೈಕಿನಲ್ಲಿ ಊಟ ತಲುಪಿಸುವ ಕೆಲಸಕ್ಕೆ ಬೆಳಿಗ್ಗೆ ಹೋದರೆ ಬರುವುದು ರಾತ್ರಿಯೇ. ಐದನೇ ದಿನ ತಾಯಿಗೆ ಡಿಸ್ಚಾರ್ಜ್ ಆಯಿತು. ಮಗು ಇನ್ನೂ ಎರಡೂವರೆ ತಿಂಗಳು ಇಲ್ಲೇ ಇರಬೇಕು ಎಂದರು ಡಾಕ್ಟರು. ಅವಳು ದಿನಾ ಬಸ್ಸು ಹತ್ತಿ ಬಂದು ಕಾರಿಡಾರಿನ ಕಬ್ಬಿಣದ ಕುರ್ಚಿಯಲ್ಲಿ ಕೂರುತ್ತಿದ್ದಳು. ಮೂರು ಗಂಟೆಗೊಮ್ಮೆ ಪಂಪಿನಲ್ಲಿ ಹಾಲು ತೆಗೆದು ಕೊಡುತ್ತಿದ್ದಳು. ನಾವು ಅದನ್ನು ಸಣ್ಣ ಟ್ಯೂಬಿನಲ್ಲಿ ಮಗುವಿನ ಹೊಟ್ಟೆಗೆ ಬಿಡುತ್ತಿದ್ದೆವು. ಅಷ್ಟು ಚಿಕ್ಕ ಕರುಳಿಗೆ ತಾಯಿ ಹಾಲಿಗಿಂತ ದೊಡ್ಡ ಔಷಧವಿಲ್ಲ.

ಒಂಬತ್ತನೇ ದಿನ ಅವರ ಬಳಗ ಬಂತು, ಏಳು ಜನ. ಮುಂದೆ ನಿಂತವರು ಮಂಜುನಾಥನ ಸೋದರತ್ತೆ ಕಸ್ತೂರವ್ವ. ಕೆಂಗೇರಿಯಲ್ಲಿ ಗಾರ್ಮೆಂಟ್ಸ್ ಕೆಲಸದವರು. ಕೈಯಲ್ಲಿ ರವಿಕೆ ಖಣ, ಕೊಬ್ಬರಿ, ಬೆಳ್ಳಿ ಕಡಗ, ಜರಿಯ ಫ್ರಾಕು. ಆ ಫ್ರಾಕಿನಲ್ಲಿ ನಮ್ಮ ಮಗುವಿನಂಥ ನಾಲ್ಕು ಮಕ್ಕಳು ಹಿಡಿಸುತ್ತಿದ್ದವು. ನಾನು ಸೂಚನೆಯನ್ನು ಗಟ್ಟಿಯಾಗಿ ಓದಿ ಹೇಳಿದೆ.

“ಕೂಸಿನ್ನ ನೋಡಾಕ ಬರಿಗೈಲೆ ಹ್ಯಾಂಗ ಬರೂದ್ರಿ ಸಿಸ್ಟರ್? ಮಂದಿ ಏನಂದಾರು?” ಎಂದರು ಕಸ್ತೂರವ್ವ.

“ಹಂಗಾದ್ರೆ ಬರ್ಲೇಬೇಡಿ. ನಿಮ್ಗೆ ಮಗು ಮುಖ್ಯಾನಾ, ಮಂದಿ ಮುಖ್ಯಾನಾ?”

ಏಳೂ ಜನ ತಂದದ್ದನ್ನೆಲ್ಲ ಎತ್ತಿಕೊಂಡು ಹೋದರು. ಆಮೇಲೆ ಬರಲೂ ಇಲ್ಲ. ಕಾರಿಡಾರು ಚೊಕ್ಕಟವಾಯಿತೆಂದು ನಾನು ಖುಷಿಪಟ್ಟೆ.

ಮುಂದಿನ ಹನ್ನೆರಡು ದಿನಗಳ ಚಾರ್ಟು ಈಗಲೂ ನನ್ನ ಕಣ್ಣ ಮುಂದಿದೆ. ದಿನಕ್ಕೆ 150 ಎಂಎಲ್ ಬರುತ್ತಿದ್ದ ರೇಣುಕಾಳ ಹಾಲು ನೂರಾಯಿತು, ಎಪ್ಪತ್ತಾಯಿತು, ಕೊನೆಗೆ ನಲವತ್ತಕ್ಕೂ ಕೆಳಗಿಳಿಯಿತು. ನಮ್ಮಲ್ಲಿ ದಾನದ ಹಾಲಿನ ಬ್ಯಾಂಕ್ ಇರಲಿಲ್ಲ. ಕೊರತೆ ತುಂಬಲು ಪೌಡರ್ ಹಾಲು ಕೊಡಲು ಡಾಕ್ಟರು ಬರೆದರು. ನಾನು ರೇಣುಕಾಳಿಗೆ ದಿನಾ ಪಾಠ ಹೇಳುತ್ತಿದ್ದೆ, ನೀರು ಕುಡಿ, ಟೆನ್ಷನ್ ಮಾಡ್ಕೋಬೇಡ ಎಂದು. ಅವಳು “ಹೂಂರಿ” ಎನ್ನುತ್ತಿದ್ದಳು.

ಇಪ್ಪತ್ತೊಂದನೇ ದಿನ ನಮ್ಮ ಆಯಾ ಜಯಮ್ಮ ನೆಲ ಒರೆಸುತ್ತಿದ್ದವರು ಮಾಪನ್ನು ಅಲ್ಲೇ ನಿಲ್ಲಿಸಿ ನನ್ನನ್ನು ತರಾಟೆಗೆ ತೆಗೆದುಕೊಂಡರು.

“ಏನ್ ಸಿಸ್ಟರಮ್ಮ, ಬರೀ ನೀರು ಕುಡಿ ನೀರು ಕುಡಿ ಅಂತೀರ. ಆ ಹುಡುಗಿ ಮಧ್ಯಾಹ್ನ ಊಟ ಮಾಡಿದ್ದು ಒಂದಿನ ನೋಡಿದೀರಾ? ಒಂದು ಬನ್ನು, ಒಂದು ಟೀ. ಹೊಲಿಗೆ ಹಾಕಿರೋ ಹೊಟ್ಟೆ ಹಿಡ್ಕೊಂಡು ಬಸ್ಸಲ್ಲಿ ನಿಂತ್ಕೊಂಡು ಬರ್ತಾಳೆ. ಬಾಣಂತಿ ಕಣಮ್ಮ ಅದು!”

ನಾನು ನೋಡಿರಲಿಲ್ಲ. ನಾನು ನೋಡುತ್ತಿದ್ದದ್ದು ಮಾನಿಟರನ್ನು. ಪಾತ್ರೆ ತೊಳೆದ ಮನೆಯವರು ಕೊಟ್ಟ ಅನ್ನ ತಿಂದು ಓದಿದವಳು ನಾನು. ಹಸಿವನ್ನು ಗುರುತಿಸಲು ನನಗೆ ಇನ್ನೊಬ್ಬರು ಹೇಳಬೇಕಾಯಿತು.

ಮಂಜುನಾಥನಿಂದ ನಂಬರು ಪಡೆದು ಕಸ್ತೂರವ್ವನಿಗೆ ಫೋನ್ ಮಾಡಿದೆ, ದಯವಿಟ್ಟು ಬನ್ನಿ ಎಂದೆ.

“ಬಂದು ಏನ್ ಮಾಡೂದ್ರಿ? ಏನೂ ತರಬ್ಯಾಡಂತೀರಿ.”

ಆ ಪ್ರಶ್ನೆಗೆ ನನ್ನ ಸೂಚನೆಯಲ್ಲಿ ಉತ್ತರವಿರಲಿಲ್ಲ. ಅಲ್ಲೇ ಯೋಚಿಸಿ ಒಂದೊಂದಾಗಿ ಹೇಳಿದೆ. ಬಿಸಿ ರೊಟ್ಟಿ, ಪಲ್ಯ, ಒಂದು ಫ್ಲಾಸ್ಕು ಹಾಲು. ಮುಂದೆ ಗುಂಡಿಯಿರುವ ಸಡಿಲ ನೈಟಿ ಎರಡು. ಬೆನ್ನಿಗೆ ಒಂದು ದಿಂಬು. ಬರುವಾಗ, ಹೋಗುವಾಗ ಆಟೋ. ಅವಳ ಬಟ್ಟೆ ಒಯ್ದು ಒಗೆದು ತರುವುದು. ಅವಳು ಉಣ್ಣುವಾಗ ಪಕ್ಕದಲ್ಲಿ ಒಬ್ಬರು ಕೂರುವುದು.

“ಇಷ್ಟೇ ಏನ್ರಿ? ಅವತ್ತ ಹೇಳಾಕ ಬಾಯಿ ಇದ್ದಿಲ್ಲೇನ್ರಿ ನಿಮಗ?”

ಬೈಸಿಕೊಂಡೆ.

ಮಾರನೆಯ ದಿನದಿಂದಲೇ ಅವರಲ್ಲಿ ಪಾಳಿ ಶುರುವಾಯಿತು. ವಾರಕ್ಕೆ ಏಳು ದಿನ, ಏಳು ಜನ. ವಾರ ಕಳೆಯುವಷ್ಟರಲ್ಲಿ ಹಾಲು ತೊಂಬತ್ತು ಎಂಎಲ್‌ಗೆ ಏರಿತು. ಇಪ್ಪತ್ತಾರನೇ ದಿನ ಮೊದಲ ಸಲ ಕಾಂಗರೂ ಆರೈಕೆ ಮಾಡಿಸಿದೆವು. ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಡುವುದು. ಹೊಸ ನೈಟಿಯ ಗುಂಡಿ ಬಿಚ್ಚಿ ರೇಣುಕಾ ನಲವತ್ತು ನಿಮಿಷ ಅಲ್ಲಾಡದೆ ಕೂತಿದ್ದಳು. “ಉಸುರು ಬಿಡು ಹುಡುಗಿ, ಕೂಸು ಬಿಡಾಕತ್ತೈತಿ, ನೀ ಯಾಕ ಹಿಡಕೊಂಡೀ?” ಎಂದು ಕಸ್ತೂರವ್ವ ಬಾಗಿಲಿನ ಗಾಜಿನಾಚೆಯಿಂದ ಕೂಗಿದರು. ಅವಳು ನಕ್ಕದ್ದನ್ನು ನಾನು ಕಂಡದ್ದು ಆವತ್ತೊಂದೇ ದಿನ.

ಮೂವತ್ತನಾಲ್ಕನೇ ದಿನ ಬೆಳಿಗ್ಗೆ ಮಗುವಿನ ಹೊಟ್ಟೆ ಉಬ್ಬಿತ್ತು, ಟ್ಯೂಬಿನಲ್ಲಿ ಹಸಿರು ಪಿತ್ತ ಬಂತು. ಎನ್‌ಇಸಿ. ಅಂದರೆ ಕರುಳು ಉರಿಯೂತದಿಂದ ಸಾಯತೊಡಗುವ ಕಾಯಿಲೆ. ತಿಂಗಳು ತುಂಬದ ಮಕ್ಕಳಲ್ಲಿ, ಅದರಲ್ಲೂ ಪೌಡರ್ ಹಾಲು ಕುಡಿದವರಲ್ಲಿ ಹೆಚ್ಚು. ಮೂವತ್ತಾರನೇ ದಿನ ಹನ್ನೊಂದು ಗಂಟೆಗೆ ಮಗು ಹೋಯಿತು. ತೂಕ 1,090 ಗ್ರಾಂ ಮುಟ್ಟಿತ್ತು.

ಡಾಕ್ಟರನ್ನು ಕೇಳಿದೆ, ಆ ಹನ್ನೆರಡು ದಿನ ಹಾಲು ಬತ್ತದೆ ಇದ್ದಿದ್ದರೆ ಉಳಿಯುತ್ತಿತ್ತಾ ಎಂದು. “ಹೇಳಕ್ಕಾಗಲ್ಲ ಸಿಸ್ಟರ್. ಬರೀ ತಾಯಿ ಹಾಲು ಕುಡಿದ ಮಕ್ಕಳಿಗೂ ಬರತ್ತೆ” ಎಂದರು. ಅದು ಸುಳ್ಳಲ್ಲ. ಸಮಾಧಾನವೂ ಅಲ್ಲ.

ಎರಡು ವಾರದ ಮೇಲೆ ರೇಣುಕಾ ಹೊಲಿಗೆ ತೋರಿಸಲು ಬಂದಳು. ಮಗು ಹೋದ ಮೇಲೂ ಎದೆಯಲ್ಲಿ ಹಾಲು ನಿಲ್ಲದೆ ಜ್ವರ ಬಂದಿತ್ತಂತೆ. ಹಾಗಾಗುತ್ತದೆಂದು ಅವಳನ್ನು ಕಳಿಸುವಾಗ ಹೇಳಬೇಕಾದವಳು ನಾನು, ಹೇಳಿರಲಿಲ್ಲ.

“ಮನೇಲಿ ಯಾರಿದಾರೆ?” ಎಂದು ಕೇಳಿದೆ.

“ಇವತ್ತ ಕಸ್ತೂರತ್ತಿ ಪಾಳಿರಿ” ಎಂದಳು.

ಆ ಏಳು ಜನ ಪಾಳಿ ನಿಲ್ಲಿಸಿರಲಿಲ್ಲ. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನನ್ನ ಪಠ್ಯದಲ್ಲೂ ಇರಲಿಲ್ಲ. ಈಗ ನಮ್ಮ ಘಟಕಕ್ಕೆ ಮಗು ಬಂದ ಮೊದಲ ದಿನವೇ ಬಂಧುಗಳನ್ನು ಕರೆದು ಕೂರಿಸಿ, ಏನು ತರಬೇಕೆಂದು ಬಾಯಿಬಿಟ್ಟು ಹೇಳುತ್ತೇನೆ. ಮಗು ಮನೆಗೆ ಬಂದರೂ ಬರದಿದ್ದರೂ ತಾಯಿಗೆ ಊಟ ತಪ್ಪಿಸಬೇಡಿ ಎಂದೂ ಹೇಳುತ್ತೇನೆ. ಆ ಮಾತು ಹೇಳುವಾಗ ಕೆಲವರು ಅಪಶಕುನ ಎಂದು ನನ್ನ ಮೇಲೆ ಸಿಟ್ಟಾಗುತ್ತಾರೆ. ಆಗಲಿ.