ಇನ್ನೂರು ಸಾಲುಗಳ ಕಸ್ತೂರಿ ಅಕ್ಕ

ಈ ಮಲಯ್ ನಾಡಿನಲ್ಲಿ ಹೊಸಬರು ಯಾರೇ ಸಿಕ್ಕಲಿ, ಕಸ್ತೂರಿ ಅಕ್ಕ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ನಿಮ್ಮ ಹೆಸರು ಇಲ್ಲೆ ಎಷ್ಟು ನಮೂನಿ ಬರೀತಾರ್ರೀ?" ಬ್ರಿಕ್‌ಫೀಲ್ಡ್ಸ್‌ನ ದೇವಸ್ಥಾನದಲ್ಲಿ ಪ್ರಸಾದಕ್ಕೆ ಸಾಲು ನಿಂತಿದ್ದ ಅಪರಿಚಿತ ಹೆಂಗಸನ್ನೂ ಅವರು ಹೀಗೆ ಕೇಳಿದ್ದನ್ನು ಕಂಡಿದ್ದೇನೆ. ಆಕೆ ಮೊದಲು ಗಾಬರಿಯಾದಳು. ಆಮೇಲೆ ನಕ್ಕು, ಬ್ಯಾಂಕಿನಲ್ಲಿ ತನ್ನ ಹೆಸರು ಹೇಗಿದೆ, ಮಗಳ ಶಾಲೆಯಲ್ಲಿ ಹೇಗಿದೆ ಎಂದು ಬೆರಳು ಮಡಚಿ ಹೇಳತೊಡಗಿದಳು. ಸಾಲು ಮುಂದೆ ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.

ನನ್ನನ್ನು ಕೇಳಿದಾಗ ನಾನೂ ಎಣಿಸಿದೆ. ಪಾಸ್‌ಪೋರ್ಟಿನಲ್ಲಿ ಸ್ಮಿತಾ ನಾಗರಾಜ್, 'ಎಚ್' ಸೇರಿಸಿ. ಆಫೀಸಿನಲ್ಲಿ 'ಎಚ್' ಇಲ್ಲದ ಸ್ಮಿತಾ. ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಇಲ್ಲಿನ ತಮಿಳರ ಪದ್ಧತಿಯಂತೆ 'ನಾಗರಾಜನ ಮಗಳು ಸ್ಮಿತಾ'. ಹಲ್ಲಿನ ಡಾಕ್ಟರ ಹತ್ತಿರ ಬರೀ ಮಿಸ್ ನಾಗರಾಜ್.

"ಒಬ್ಬಾಕಿ ಹೋಗಿ ನಾಕು ಮಂದಿ ಆಗೀ ನೋಡು ತಂಗಿ," ಎಂದರು ಅಕ್ಕ. "ನಾಕೂ ಮಂದಿಗೆ ಜ್ವರಾ ಬಂದ್ರ ಯಾರಿಗೆ ಗುಳಗಿ ಕೊಡೂದು?"

ಅವರು ಧಾರವಾಡದವರು. ಗಂಡ ಮೆಲಾಕಾದ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಅಕ್ಕ ಅದೇ ಊರಿನ ಖಾಸಗಿ ಆಸ್ಪತ್ರೆಯೊಂದರ ದಾಖಲೆ ವಿಭಾಗಕ್ಕೆ ಸೇರಿ, ಇಪ್ಪತ್ತು ವರ್ಷಕ್ಕೂ ಮೇಲೆ ಅಲ್ಲೇ ಇದ್ದರು. ಸೇರಿದಾಗ ಅಲ್ಲಿ ರಟ್ಟಿನ ಫೈಲುಗಳಿದ್ದವು. ಕಂಪ್ಯೂಟರ್ ಆಮೇಲೆ ಬಂತು. ಕುಳ್ಳನೆಯ ದೇಹ, ಇಳಕಲ್ ಸೀರೆ, ಎ.ಸಿ.ಯ ಚಳಿಗೆ ಅದರ ಮೇಲೊಂದು ಗಂಡಸರ ಸ್ವೆಟರ್. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುವ ಅಭ್ಯಾಸವೂ ಇತ್ತು. ಮಲಯ್ ಭಾಷೆಯನ್ನು ಧಾರವಾಡದ ಗತ್ತಿನಲ್ಲೇ ಮಾತಾಡುತ್ತಿದ್ದರು. ಅದು ಎಲ್ಲರಿಗೂ ಅರ್ಥವಾಗುತ್ತಿತ್ತು.

ನಾನು ಅವರನ್ನು ಕಂಡದ್ದು ಸೈಬರ್‌ಜಯಾದ ನಮ್ಮ ಆಫೀಸಿನಲ್ಲಿ. ಅವರ ಆಸ್ಪತ್ರೆಯೂ ಸೇರಿ ನಾಲ್ಕು ಆಸ್ಪತ್ರೆಗಳಿದ್ದ ಸಂಸ್ಥೆಯೊಂದು ನಮಗೆ ಕೆಲಸ ಒಪ್ಪಿಸಿತ್ತು. ನಾಲ್ಕು ಕಡೆ ನಾಲ್ಕು ರೀತಿಯಲ್ಲಿ ಹರಡಿಕೊಂಡಿದ್ದ ರೋಗಿಗಳ ಮಾಹಿತಿಯನ್ನು ಒಂದೇ ಉಗ್ರಾಣಕ್ಕೆ, ಅಂದರೆ ಡೇಟಾ ವೇರ್‌ಹೌಸಿಗೆ, ತಂದು ತುಂಬಬೇಕು. ಅಲ್ಲಲ್ಲಿಂದ ಮಾಹಿತಿ ಎತ್ತಿ, ಶುಚಿ ಮಾಡಿ, ಒಂದಕ್ಕೊಂದು ಹೊಂದಿಸಿ ತುಂಬುವುದಕ್ಕೆ ಸಿದ್ಧ ಸಾಫ್ಟ್‌ವೇರುಗಳು ಸಿಗುತ್ತವೆ. ಮೂರನ್ನು ಆರಿಸಿಕೊಂಡಿದ್ದೆವು. ಅವುಗಳನ್ನು ಹೋಲಿಸಿ ಒಂದನ್ನು ಶಿಫಾರಸು ಮಾಡುವ ಹೊಣೆ ನನ್ನದು. ಆಸ್ಪತ್ರೆಗಳ ಕಡೆಯಿಂದ ಒಬ್ಬರು ಇರಲಿ ಎಂದು ಅಕ್ಕನನ್ನು ಕಳಿಸಿದ್ದರು. 'ಟೂಲ್' ಎಂಬ ಮಾತು ಅವರಿಗೆ ರುಚಿಸುತ್ತಿರಲಿಲ್ಲ. ಒಂದನೇದು, ಎರಡನೇದು, ಮೂರನೇದು ಎನ್ನುತ್ತಿದ್ದರು. ನಾವೂ ಹಾಗೇ ಕರೆಯತೊಡಗಿದೆವು.

ಕಂಪನಿಯವರು ಬಂದು ತಮ್ಮ ತಮ್ಮ ಸಾಫ್ಟ್‌ವೇರ್ ತೋರಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಎರಡನೆಯದರ ಪರದೆ ನೋಡಲು ಎಷ್ಟು ಚೆಂದ! ಒಂದು ಗುಂಡಿ ಒತ್ತಿದರೆ ಸಾಲುಗಳು ಹರಿದು ಬಂದು ತಾವಾಗಿ ಜೋಡಿಯಾಗುತ್ತಿದ್ದವು. ನಮ್ಮ ವಿಭಾಗದ ಮುಖ್ಯಸ್ಥ ರೋಸ್ಲಾನ್ ತಲೆದೂಗುತ್ತಿದ್ದರು. ಮೂಲೆಯಲ್ಲಿ ಕುಳಿತಿದ್ದ ಅಕ್ಕ ನನ್ನ ಕಿವಿಯಲ್ಲಿ, "ಇದು ಮದಿವ್ಯಾಗ ತೆಗಿಸಿದ ಫೋಟೋ ಐತವಾ. ಮುಂಜಾನೆ ಎದ್ದಾಗ ಮಾರಿ ಹೆಂಗಿರತೈತಿ ತೋರಸು ಅನ್ನು," ಎಂದರು.

"ಹಾಗಂದ್ರೆ ಏನಕ್ಕಾ?"

"ಇವ್ರು ತಾವ ಬರದ ತಂದ ಹೆಸರಿನ ಮ್ಯಾಲೆ ಓಡಸಾಕತ್ತಾರ. ನಮ್ಮ ಹೆಸರಿನ ಮ್ಯಾಲೆ ಓಡಸ್ಲಿ."

ಮುಂದಿನ ವಾರ ಅವರು ಒಂದು ಪೆನ್ ಡ್ರೈವ್ ತಂದರು. ಅದರಲ್ಲಿ ಇನ್ನೂರು ಸಾಲು. ರೋಗಿಗಳ ಹೆಸರನ್ನೂ ಸಂಖ್ಯೆಗಳನ್ನೂ ಬದಲಿಸಿದ್ದರು. ತಪ್ಪುಗಳನ್ನು ಮಾತ್ರ ಇದ್ದದ್ದು ಇದ್ದ ಹಾಗೇ ಉಳಿಸಿದ್ದರು. ಗುರುತಿನ ಚೀಟಿಯ ಸಂಖ್ಯೆ ಸರಿಯಾಗಿದ್ದರೆ ಎಲ್ಲವೂ ಸುಲಭ. ಆದರೆ ಹಳೆಯ ದಾಖಲೆಗಳಲ್ಲಿ ಅದು ಇರುವುದೇ ಇಲ್ಲ. ಹಸುಗೂಸಿನ ಹೆಸರಿನ ಮುಂದೆ ತಾಯಿಯ ಸಂಖ್ಯೆ ಇರುತ್ತದೆ. ಚೀನೀಯರ ಮನೆತನದ ಹೆಸರು ಒಂದು ಕಡೆ ಮೊದಲು, ಇನ್ನೊಂದು ಕಡೆ ಕೊನೆಗೆ. ತಮಿಳರ ಹೆಸರಿನ ನಡುವೆ 'ಇಂಥವರ ಮಗ' ಎಂದು ಸೂಚಿಸುವ ಓರೆಗೆರೆ. ಇಂಥವನ್ನೆಲ್ಲ ಅಕ್ಕ ಹೆಕ್ಕಿ ಹೆಕ್ಕಿ ತಂದಿದ್ದರು. ಇನ್ನೂರು ಸಾಲುಗಳಲ್ಲಿ ನಿಜಕ್ಕೂ ಎಷ್ಟು ಜನರಿದ್ದಾರೆ ಎಂದು ಫೈಲುಗಳನ್ನು ಬಿಚ್ಚಿ, ಕೈಯಲ್ಲಿ ಎಣಿಸಿ, ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟಿದ್ದರು. ನೂರಾ ಅರವತ್ತಮೂರು.

"ಮೂರು ದಿನ ಕೊಡು ತಂಗಿ. ಮೂರರ ಮ್ಯಾಲೂ ಇದನ್ನ ಓಡಸಿ ನೋಡೂಣು."

ನನಗೆ ಕಿರಿಕಿರಿಯಾಯಿತು. ಅಂಕ ಹಾಕಿದ ಪಟ್ಟಿ ಆಗಲೇ ಸಿದ್ಧವಾಗಿತ್ತು. ವೇಗ, ಬೆಲೆ, ಕಲಿಯಲು ಬೇಕಾದ ಸಮಯ, ಎಲ್ಲದರಲ್ಲೂ ಎರಡನೆಯದೇ ಮುಂದು. ಅಷ್ಟೇ ಅಲ್ಲ, ಅಂದು ಬೆಳಿಗ್ಗೆಯೇ ಅದನ್ನು ಶಿಫಾರಸು ಮಾಡಿ ರೋಸ್ಲಾನ್ ಅವರಿಗೆ ಮೇಲ್ ಕಳಿಸಿಬಿಟ್ಟಿದ್ದೆ. ನನ್ನ ವೀಸಾ ನವೀಕರಣದ ಕಾಗದಗಳು ಆ ತಿಂಗಳು ಅವರ ಸಹಿಗೆ ಹೋಗುವುದರಲ್ಲಿದ್ದವು. ಚುರುಕಿನವಳು ಎನಿಸಿಕೊಳ್ಳುವ ಆತುರ ನನಗಿತ್ತು. ಮೇಲ್ ವಿಷಯ ಅಕ್ಕನಿಗೆ ಹೇಳಲಿಲ್ಲ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ, ಆಫೀಸಿನ ಹಿಂದಿನ ಮಾಮಕ್, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ಪರೋಟಾದಂಥ ರೊಟ್ಟಿ ಚಾನಾಯ್ ತಿನ್ನುತ್ತ ಅಕ್ಕನನ್ನು ಕೇಳಿಯೇಬಿಟ್ಟೆ. "ಯಾಕಕ್ಕಾ ಇಷ್ಟೊಂದು ಹೆದರ್ತೀರಾ? ಸಾವಿರದಲ್ಲಿ ಒಂದೋ ಎರಡೋ ತಪ್ಪು ಬಂದ್ರೆ ಆಮೇಲೆ ಸರಿ ಮಾಡ್ಕೋಬಹುದಲ್ವಾ?"

ಅವರು ಕೈ ಒರೆಸಿಕೊಂಡರು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಂದೇ ಹೆಸರಿನ, ಒಂದೇ ಬೀದಿಯ ಇಬ್ಬರು ಗಂಡಸರ ಫೈಲುಗಳನ್ನು ಅವರು ಒಬ್ಬನದೇ ಎಂದು ತಿಳಿದು ಒಂದಾಗಿ ಹೊಲಿದಿದ್ದರಂತೆ. ಒಬ್ಬನಿಗೆ ಒಗ್ಗದ ಚುಚ್ಚುಮದ್ದು ಇನ್ನೊಬ್ಬನ ಚೀಟಿ ನೋಡಿ ಕೊಟ್ಟದ್ದಾಯಿತು. ಮೈಯೆಲ್ಲ ಊದಿಕೊಂಡು ಅವನು ಎರಡು ದಿನ ತೀವ್ರ ನಿಗಾ ಘಟಕದಲ್ಲಿದ್ದ. ಅಷ್ಟೂ ಹೊತ್ತು ಅಕ್ಕ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು.

"ಬದುಕಿದಾ. ಎದ್ದು ಕುಂತ ಮ್ಯಾಲೆ ನಾನ ಒಳಗ ಹೋಗಿ ಹೇಳಿದೆ, ಇದು ನನ್ನ ಕೈತಪ್ಪು ಅಂತ. ಯಾರೂ ಕೇಳಿದ್ದಿಲ್ಲ. ಆದ್ರ ಹೇಳಲಾರದ ಮನಿಗೆ ಹೋಗಾಕ ಆಗ್ಲಿಲ್ಲವಾ."

"ಅವರು ಏನಂದ್ರು?"

"'ತಾಕ್ ಪೇ ಲಾ' ಅಂದಾ. ಇರಲಿ ಬಿಡ್ರಿ ಅಂತ. ಬೈದಿದ್ರ ಛಲೋ ಇತ್ತು." ಅವರು ಚಹಾ ಲೋಟ ಎತ್ತಿದರು. "ನಿಮಗ ಅದು ಸಾಲು, ತಂಗಿ. ನಾ ಆ ಸಾಲಿನ ಮಾರಿ ನೋಡೇನಿ."

ಮೂರನೆಯ ದಿನ ಫಲಿತಾಂಶ ಬಂತು. ಒಂದನೆಯದು ಓರೆಗೆರೆ ಕಂಡ ಕಡೆಯೆಲ್ಲ ಹೆಸರನ್ನು ಎರಡು ತುಂಡು ಮಾಡಿ, ಅರ್ಧಕ್ಕೇ ನಿಂತಿತು. ಮೂರನೆಯದು ತೆವಳುತ್ತ ಸಾಗಿ, ಕೆಲವು ಸಾಲುಗಳನ್ನು ಸೇರಿಸದೆ 'ಸಂಶಯ' ಎಂಬ ಪಟ್ಟಿಯಲ್ಲಿ ಪಕ್ಕಕ್ಕಿಟ್ಟಿತು. ಎರಡನೆಯದು ನಿಮಿಷದೊಳಗೆ ಮುಗಿಸಿ, ಹಸಿರು ಬಣ್ಣದಲ್ಲಿ 'ಯಾವ ತಪ್ಪೂ ಇಲ್ಲ' ಎಂದಿತು. ನಾನು ಗೆದ್ದವಳಂತೆ ಅಕ್ಕನ ಕಡೆ ತಿರುಗಿದೆ.

"ಮಂದಿ ಎಷ್ಟು ಬಂತು?" ಎಂದರು.

ನೋಡಿದೆ. ನೂರಾ ಅರವತ್ತು.

ಅಕ್ಕ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಇಬ್ಬರೂ ಕುಳಿತು ಸಾಲು ಸಾಲಾಗಿ ಹುಡುಕಿದೆವು. ಮೂವರು ಬೇರೆ ಮೂವರ ಹೆಸರಿನೊಳಗೆ ಕರಗಿಹೋಗಿದ್ದರು. ಅವರಲ್ಲಿ ಒಬ್ಬಳಿಗೆ ಪೆನ್ಸಿಲಿನ್ ಆಗದು ಎಂದು ದಾಖಲೆಯಲ್ಲಿತ್ತು. ಅವಳನ್ನು ನುಂಗಿದ ಇನ್ನೊಂದು ಸಾಲಿನಲ್ಲಿ ಆ ಜಾಗ ಖಾಲಿ. ಸಾಫ್ಟ್‌ವೇರು ಆ ಖಾಲಿಯನ್ನೇ ಉಳಿಸಿಕೊಂಡಿತ್ತು.

"ಹೆಸರು ಬದಲಿಸೇನಿ, ಆದ್ರ ಈಕಿ ಖರೇನ ಅದಾಳ," ಎಂದರು ಅಕ್ಕ ಮೆಲ್ಲಗೆ. "ಕನ್ನಡ ಸಾಲಿ ಅಕ್ಕೋರಂಗ ಅದಾಳ. ಚೀನೀ ಸಾಲ್ಯಾಗ ಟೀಚರ್. ತಿಂಗಳಾ ಬರತಾಳ ನಮ್ಮಲ್ಲೆ."

ಆಗ ಮೇಲ್ ವಿಷಯ ಹೇಳಿದೆ. ಶಿಫಾರಸು ಹೋಗಿ ಮೂರು ದಿನವಾಯಿತು, ಇನ್ನೊಂದು ಗಂಟೆಯಲ್ಲಿ ಮೀಟಿಂಗ್ ಇದೆ, ನನ್ನ ವೀಸಾ ಕಾಗದ ರೋಸ್ಲಾನ್ ಅವರ ಮೇಜಿನ ಮೇಲಿದೆ ಎಂದೆಲ್ಲ ಒಂದೇ ಉಸಿರಿಗೆ.

ಅಕ್ಕ ಬೈಯಲಿಲ್ಲ. ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದರು. "ಮೀಟಿಂಗಿನ್ಯಾಗ ನಾ ಬಾಯಿ ತೆರಿಯಂಗಿಲ್ಲ. ನೀನ ಹೇಳು. ನಿನ್ನ ಬಾಯಿಂದ ಬಂದ್ರ ನಿನಗ ಹಗರ ಆಗತೈತಿ."

"ಅವರು ಸಿಟ್ಟಾದ್ರೆ?"

"ಆಗ್ಲಿ. ನಾ ಬಾಜೂಕ ಕುಂತಿರತೇನಿ."

ಹೇಳಿದೆ. ನನ್ನ ಪಟ್ಟಿಯಲ್ಲಿ ಮುಖ್ಯವಾದದ್ದನ್ನೇ ಅಳೆದಿರಲಿಲ್ಲ, ನನ್ನ ಶಿಫಾರಸನ್ನು ವಾಪಸ್ ಪಡೆಯುತ್ತೇನೆ ಎಂದೆ. ಮೂರು ಹೆಸರುಗಳನ್ನು ಪರದೆಯ ಮೇಲೆ ತೋರಿಸಿದೆ. ರೋಸ್ಲಾನ್ ಅವುಗಳನ್ನು ಒಂದೊಂದಾಗಿ ಓದಿದರು.

"ಬೆಟರ್ ನೌ ಲಾ," ಎಂದರು. "ರೋಗಿಗೆ ಸೂಜಿ ಚುಚ್ಚಿದ ಮೇಲೆ ಗೊತ್ತಾಗಿದ್ದರೆ? ಹೇಳಿ, ಈಗ ಯಾವುದು ತೊಗೊಳ್ಳೋಣ?"

ನಾನು ಅಕ್ಕನ ಕಡೆ ನೋಡಿದೆ. ಕೊಟ್ಟ ಮಾತಿನಂತೆ ಅವರು ಬಾಯಿ ತೆರೆಯಲಿಲ್ಲ. ಮೇಜಿನ ಕೆಳಗೆ ಮೂರು ಬೆರಳು ತೋರಿಸಿದರು.

ಹೊರಗೆ ಬಂದ ಮೇಲೆ ಕಾರಣ ಕೇಳಿದೆ. "ತನಗ ಗೊತ್ತಾಗ್ಲಿಲ್ಲ ಅಂತ ಹೇಳಾಕ ಅದಕ್ಕ ನಾಚಿಕಿ ಇಲ್ಲ," ಎಂದರು. "ಅಂಥಾದ್ರ ಕೂಡ ನಾ ಕೆಲಸ ಮಾಡಬಲ್ಲೆ."

ವಾರದ ಕೊನೆಗೆ ರೋಸ್ಲಾನ್ ವೀಸಾ ಕಾಗದಕ್ಕೆ ಸಹಿ ಮಾಡಿ ನನ್ನ ಮೇಜಿನ ಮೇಲಿಟ್ಟು ಹೋಗಿದ್ದರು.

ಮುಂದಿನ ಏಳೆಂಟು ತಿಂಗಳು ಮೂರನೆಯದರ 'ಸಂಶಯ' ಪಟ್ಟಿಯೇ ನಮ್ಮ ಊಟ ತಿಂಡಿ. ನಾಲ್ಕೂ ಆಸ್ಪತ್ರೆಗಳ ದಾಖಲೆ ವಿಭಾಗದವರನ್ನು ಅಕ್ಕ ಫೋನಿನಲ್ಲಿ ಕಾಡುತ್ತಿದ್ದರು. ಫೈಲು ತೆಗೆಸುತ್ತಿದ್ದರು, ಹುಟ್ಟಿದ ದಿನ ಓದಿಸುತ್ತಿದ್ದರು. ಒಮ್ಮೆ ಒಂದು ಹೆಸರಿಗಾಗಿ ಅವಳಿ ಸಹೋದರಿಯರ ತಾಯಿಗೇ ಫೋನ್ ಮಾಡಿಸಿ, ದೊಡ್ಡವಳು ಯಾರೆಂದು ತಿಳಿದುಕೊಂಡರು. ಕೊನೆಗೊಂದು ಭಾನುವಾರ ಬೆಳಿಗ್ಗೆ ಉಗ್ರಾಣ ತುಂಬಿತು. ನಾಲ್ಕೂ ಕಡೆಯಿಂದ ಹೊರಟ ಜನರೆಷ್ಟು, ಉಗ್ರಾಣಕ್ಕೆ ಬಂದವರೆಷ್ಟು ಎಂದು ತಾಳೆ ನೋಡಿದೆವು. ಎರಡೂ ಒಂದೇ. ನಾವೆಲ್ಲ ಚಪ್ಪಾಳೆ ತಟ್ಟಿ, ತಪಾವ್ ಮಾಡಿ, ಅಂದರೆ ಪೊಟ್ಟಣ ಕಟ್ಟಿಸಿ ತರಿಸಿದ್ದ ತೆಂಗಿನ ಹಾಲಿನ ಅನ್ನ, ನಾಸಿ ಲೆಮಾಕ್, ಬಿಚ್ಚಿದೆವು. ಅಕ್ಕನಿಗೆ ಒಂದು ಪೊಟ್ಟಣ ಕೊಡೋಣವೆಂದು ತಿರುಗಿದರೆ ಅವರು ಕುರ್ಚಿಯಲ್ಲೇ, ಸ್ವೆಟರ್ ಎದೆಗೆ ಎಳೆದುಕೊಂಡು, ಬಾಯಿ ತುಸು ತೆರೆದು ನಿದ್ದೆ ಹೋಗಿದ್ದರು. ರೋಸ್ಲಾನ್ ಬೆರಳನ್ನು ತುಟಿಗಿಟ್ಟು ಎಲ್ಲರನ್ನೂ ಹೊರಗೆ ಕಳಿಸಿದರು.

ಅವರನ್ನು ಕಡೆಯ ಸಲ ಕಂಡದ್ದು ಬ್ರಿಕ್‌ಫೀಲ್ಡ್ಸ್‌ನಲ್ಲಿ. ಗಂಡನಿಗೆ ನಿವೃತ್ತಿಯಾಗಿತ್ತು, ಮುಂದಿನ ತಿಂಗಳು ಇಬ್ಬರೂ ಧಾರವಾಡಕ್ಕೆ ಹೊರಟಿದ್ದರು. ಬಾಳೆಯೆಲೆ ಊಟದ ಹೋಟೆಲಿನಲ್ಲಿ ನಾನು, ಅಕ್ಕ, ನನ್ನ ಎಂಟು ವರ್ಷದ ಮಗಳು ಅನ್ವಿ. ಅಕ್ಕ ಕನ್ನಡದಲ್ಲಿ ಕೇಳುತ್ತಿದ್ದರು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು; ಇಬ್ಬರಿಗೂ ಅದರಿಂದ ತೊಂದರೆಯೇನೂ ಇರಲಿಲ್ಲ.

ಮಗಳು ಕೈ ತೊಳೆಯಲು ಹೋದಾಗ, ಎಷ್ಟೋ ದಿನದಿಂದ ಒಳಗೇ ಇದ್ದುದನ್ನು ಹೇಳಿದೆ. "ಅಕ್ಕಾ, ಆ ಮೂರು ದಿನ ಇತ್ತಲ್ಲ, ನಿಮ್ಮ ಲೆಕ್ಕ ತಪ್ಪಾಗಲಿ ಅಂತ ನಾನು ದೇವರಿಗೆ ಕೈಮುಗಿದಿದ್ದೆ. ನೀವು ಚೀಟಿ ಇಟ್ಟಾಗ್ಲೂ, ನೀವೇ ತಪ್ಪು ಎಣಿಸಿರಲಿ ಅಂತ ಅಂದ್ಕೊಂಡೆ."

ಅಕ್ಕ ಮಜ್ಜಿಗೆ ಲೋಟ ಕೆಳಗಿಟ್ಟು ಜೋರಾಗಿ ನಕ್ಕರು. ಪಕ್ಕದ ಮೇಜಿನವರು ತಿರುಗಿ ನೋಡಿದರು.

"ನಾನೂ ಹಂಗ ಬೇಡಿಕೊಂಡಿದ್ದೆ ಹುಚ್ಚಿ! ತಪ್ಪು ಸಿಗಬಾರದು, ಸುಮ್ನ ಮನಿಗೆ ಹೋಗಿ ಬೀಳಬೇಕು ಅಂತ ಯಾರಿಗೆ ಅನಸಂಗಿಲ್ಲ? ಬೇಡಿಕೊಂಡ್ರೂ ನನ್ನ ಕೂಡ ಕುಂತು ಎಣಿಸಿದಿ ಹೌದಿಲ್ಲೋ? ಅಷ್ಟ."

ಕೆ.ಎಲ್. ಸೆಂಟ್ರಲ್‌ವರೆಗೆ ನಡೆದು ಹೋದೆವು. ಅನ್ವಿಯ ಕೆನ್ನೆ ಹಿಂಡಿ, ನನ್ನ ಬೆನ್ನ ಮೇಲೊಂದು ಗುದ್ದು ಕೊಟ್ಟು, ಅಕ್ಕ ರೈಲು ನಿಲ್ದಾಣದ ಗೇಟಿನೊಳಗೆ ಹೋದರು. ಜನರ ನಡುವೆ ಇಳಕಲ್ ಸೀರೆಯ ಸೆರಗು ಸ್ವಲ್ಪ ದೂರ ಕಂಡಿತು, ಆಮೇಲೆ ಕಾಣಲಿಲ್ಲ.

"ಅಮ್ಮಾ, ಆರ್ ಯೂ ಕ್ರೈಯಿಂಗ್?" ಎಂದಳು ಮಗಳು.

ಕಣ್ಣು ಮುಟ್ಟಿ ನೋಡಿಕೊಂಡೆ. ಹೌದು, ಒದ್ದೆಯಾಗಿತ್ತು. ಆದರೆ ಒಳಗಿದ್ದುದನ್ನು ಅಕ್ಕನಿಗೆ ಹೇಳಿಬಿಟ್ಟದ್ದಕ್ಕೋ ಏನೋ, ಎಷ್ಟೋ ತಿಂಗಳ ಮೇಲೆ ಎದೆ ಹಗುರವಾಗಿತ್ತು.