ಟ್ರಯಲ್ ಕೊಡಲು ಹಲಸೂರಿಗೆ

ಕೈಯಲ್ಲಿ ಕಸುಬಿದ್ದರೆ ಕೆಲಸ ಮನೆ ಬಾಗಿಲಿಗೇ ಬರುತ್ತದೆ ಎಂದು ನಮ್ಮ ಐಟಿಐಗೆ ಬಂದ ಪ್ರತಿ ಅತಿಥಿಯೂ ಹೇಳಿದರು. ಚರ್ಚಾಸ್ಪರ್ಧೆಯಲ್ಲಿ ಇದೇ ಮಾತಿನ ಪರ ವಾದಿಸಿ ನಾನು ಬಹುಮಾನವನ್ನೂ ಗೆದ್ದಿದ್ದೆ. ಆ ಅತಿಥಿಗಳಲ್ಲಿ ಒಬ್ಬರಾದರೂ ವೆಲ್ಡಿಂಗ್ ಸರ್ಟಿಫಿಕೇಟ್ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆದಿದ್ದರೇ? ಕಳೆದ ಸೋಮವಾರ ನಾನೇ ಹೊರಟು ನೋಡಿದೆ.

ಏಳು ಗಂಟೆಗೆ ಕೆ.ಆರ್. ಪುರದ ಬಾಡಿಗೆ ಕೋಣೆ ಬಿಟ್ಟೆ. ಅವ್ವ ಹೊರಮಾವಿನ ಕಟ್ಟಡವೊಂದರಲ್ಲಿ ಇಟ್ಟಿಗೆ ಹೊರುತ್ತಾಳೆ. ಅವಳ ಮೊಣಕಾಲು ಇನ್ನು ಮೆಟ್ಟಿಲು ಹತ್ತಲಾರದು. ನನಗೆ ಕೆಲಸ ಸಿಕ್ಕ ದಿನ ಅವಳು ಬುಟ್ಟಿ ಇಳಿಸುವುದೆಂದು ಮಾತಾಗಿದೆ. "ಅಲ್ಲಿ ಹೋಗಿ ವಾದ ಮಾಡಬ್ಯಾಡ ನಮ್ಮವ್ವ, ಕೆಲಸ ಮಾಡಿ ತೋರ್ಸು," ಎಂದು ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು.

ಶಿವಾಜಿನಗರ ತಲುಪಲು ಬಸ್ಸಿಗೆ ಒಂದೂಕಾಲು ಗಂಟೆ ಹಿಡಿಯಿತು. ಹೆಂಗಸರಿಗೆ ಸೊನ್ನೆ ರೂಪಾಯಿ ಟಿಕೆಟ್. ಅಷ್ಟರ ಮಟ್ಟಿಗೆ ನನ್ನ ತಕರಾರಿಲ್ಲ. ಹಳೆ ಕಾರುಗಳ ತಗಡು ತಟ್ಟುವ ಅಂಗಡಿಯ ಚಾಚಾ ನನ್ನ ಸರ್ಟಿಫಿಕೇಟನ್ನು ಎರಡೂ ಬದಿ ಓದಿದರು.

"ಜಾಗ ಇಲ್ಲ ಬೇಟಿ, ಸುಳ್ಳು ಯಾಕೆ ಹೇಳ್ಲಿ? ಹಲಸೂರಲ್ಲಿ ಗ್ರಿಲ್ ಮಾಡೋರು ಜನ ಹುಡುಕ್ತಾ ಇದಾರೆ. ಮೊದ್ಲು ಚಾಯ್ ಕುಡಿ."

ಇಡೀ ದಿನದಲ್ಲಿ ನನಗೆ ಸಿಕ್ಕ ನೇರ ಉತ್ತರ ಇದೊಂದೇ.

ಹಲಸೂರಿನ ವರ್ಕ್‌ಶಾಪಿನ ಮಾಲೀಕರು ಸರ್ಟಿಫಿಕೇಟ್ ಮುಟ್ಟಲೂ ಇಲ್ಲ.

"ಪೇಪರ್ ಬೇಡಮ್ಮ, ಕೈ ನೋಡ್ಬೇಕು. ಗೋಡೆ ಮೇಲೆ ಅಳತೆ ಇದೆ, ಒಂದು ಕಿಟಕಿ ಗ್ರಿಲ್ ಮಾಡು. ಅದೇ ಟ್ರಯಲ್ಲು."

ಅಳತೆಯ ಕೆಳಗೆ ಇಂದಿರಾನಗರದ ಒಂದು ಅಡ್ಡರಸ್ತೆ, ಮನೆ ನಂಬರ್ ಸೀಮೆಸುಣ್ಣದಲ್ಲಿ ಬರೆದಿತ್ತು. ಕೈ ನೋಡಲು ಎರಡು ತುಂಡು ಬೆಸೆದರೆ ಸಾಲದೇ, ಇಡೀ ಗ್ರಿಲ್ ಯಾಕೆ? ಅವ್ವನ ಮಾತು ನೆನೆದು ಪ್ರಶ್ನೆ ನುಂಗಿದೆ. ಒಂದೂವರೆಯವರೆಗೆ ಕತ್ತರಿಸಿದೆ, ಬೆಸೆದೆ, ಉಜ್ಜಿದೆ. ಕೊನೆಯಲ್ಲಿ ಅಭ್ಯಾಸಬಲ ಕೆಲಸ ಮಾಡಿತು. ಐಟಿಐನಲ್ಲಿ ಪರೀಕ್ಷೆಗೆ ಮಾಡಿದ ಪ್ರತಿ ವಸ್ತುವಿನ ಮೇಲೂ ರೋಲ್ ನಂಬರ್ ಹೊಡೆಯಬೇಕು, ಇಲ್ಲದಿದ್ದರೆ ಅಂಕವಿಲ್ಲ. ಬೆಂಚಿನ ಮೇಲೆ ಅಂಕಿಯ ಪಂಚುಗಳಿದ್ದವು. ಕೆಳಪಟ್ಟಿಯ ಮೂಲೆಗೆ ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆದೆ: 17.

ಮಾಲೀಕರು ದೂರದಿಂದಲೇ ನೋಡಿದರು. "ಫಿನಿಶಿಂಗ್ ಬಂದಿಲ್ಲಮ್ಮ. ಇದು ಗುಜರಿಗೇ. ಇನ್ನೂ ಕಲ್ತ್ಕೊಂಡು ಬಾ."

"ಎಲ್ಲಿ ಬಂದಿಲ್ಲ, ತೋರಿಸ್ತೀರಾ ಸಾರ್?"

"ಒಳ್ಳೆ ಲಾಯರ್‌ಗಿರಿ ಆಯ್ತಲ್ಲ ನಿಂದು! ಹೋಗಮ್ಮ."

ಹಲಸೂರು ಕೆರೆಯ ಬೇಲಿಯ ಪಕ್ಕ ಕೂತು ರೊಟ್ಟಿ ತಿಂದೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಒಂದು ರೊಟ್ಟಿ ಮುಗಿಯುವಷ್ಟರಲ್ಲಿ ಗೋಡೆಯ ಮೇಲಿನ ಆ ವಿಳಾಸ ನೆನಪಾಯಿತು. ಪರೀಕ್ಷೆಯ ಗ್ರಿಲ್ಲಿಗೆ ಮನೆ ನಂಬರ್ ಯಾಕೆ? ವಾದಕ್ಕೆ ಸಾಕ್ಷಿ ಬೇಕು. ಇಂದಿರಾನಗರಕ್ಕೆ ನಡೆದೇ ಹೋಗಿ, ಆ ಮನೆಯ ಎದುರಿನ ಹೊಂಗೆ ಮರದಡಿ ನಿಂತೆ.

ಐದು ಗಂಟೆಗೆ ಗೂಡ್ಸ್ ಆಟೊ ಬಂತು. ಅದರಲ್ಲಿ ಕೆಂಪು ಬಣ್ಣ ಬಳಿದಿದ್ದ ಗ್ರಿಲ್ಲು, ಹಿಂದೆಯೇ ಸ್ಕೂಟರಿನಲ್ಲಿ ಮಾಲೀಕರು. ಮನೆಯಾಕೆ ಹೊರಬಂದು ಸರಳುಗಳನ್ನು ಅಲುಗಿಸಿ ನೋಡಿದರು.

"ಎಷ್ಟು ನೀಟಾಗಿದೆ! ಯಾರ್ ಮಾಡಿದ್ದು?"

"ನಮ್ಮ ಹುಡುಗ್ರೇ ಮೇಡಂ. ಹದಿನೈದ್ ವರ್ಷದ ಎಕ್ಸ್‌ಪೀರಿಯೆನ್ಸು."

ರಸ್ತೆ ದಾಟಿದೆ. ಕೆಳಪಟ್ಟಿಯ ಮೂಲೆಯನ್ನು ಬೆರಳಿನಿಂದ ಉಜ್ಜಿದೆ. ಅಲ್ಲಿನ್ನೂ ಪೂರ್ತಿ ಒಣಗದ ಬಣ್ಣದಡಿ ನನ್ನ ನಂಬರ್ ಕಂಡಿತು. ಮನೆಯಾಕೆ ಬಗ್ಗಿ ನೋಡಿದರು. ಮಾಲೀಕರು ಸ್ಕೂಟರಿನ ಕೀಲಿ ಹುಡುಕತೊಡಗಿದರು. ವಾದ ಮಾಡಬ್ಯಾಡ ಎಂದಿದ್ದ ಅವ್ವನ ಮಾತು ಅಲ್ಲಿಗೆ ಮುಗಿಯಿತು.

"ಸಾರ್, ಈ ಹದಿನೇಳು ನನ್ನ ರೋಲ್ ನಂಬರು. ಮಧ್ಯಾಹ್ನ ಗುಜರಿಗೆ ಅಂದಿದ್ದು ಸಂಜೆಗೆ ಮೇಡಂ ಕಿಟಕಿಗೆ ಹೆಂಗ್ ಬಂತು?"